ಮೊದಲು ನಾನು ಹೇಗಿದ್ದೆ?

ನಲವತ್ತೈದು ದಾಟಿದ ಗಂಡಸು ತನ್ನ ಇಪ್ಪತ್ತೈದರ ಬಗ್ಗೆ ಹೇಳುವ ಯಾವ ಮಾತನ್ನೂ ಸಾಕ್ಷಿಯಿಲ್ಲದೆ ನಂಬಬಾರದು. ಅವನು ಆಗ ಕೃಷ್ಣಾ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದನಂತೆ, ಕುಳಿತಲ್ಲೇ ಒಂದು ಬುಟ್ಟಿ ಹೋಳಿಗೆ ಮುಗಿಸುತ್ತಿದ್ದನಂತೆ. ಹೊಳೆ ಈಗಲೂ ಇದೆ, ಹೋಳಿಗೆಯೂ ಇದೆ. ಪರೀಕ್ಷೆಗೆ ಸಿಗದವನು ಆ ಮನುಷ್ಯ ಮಾತ್ರ. ಬೇರೆಯವರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ ಬಂದು ಅಥಣಿಯ ಕಾಲೇಜೊಂದರಲ್ಲಿ ತರ್ಕ ಕಲಿಸುತ್ತಿದ್ದ ನನಗೆ ದೇವರಿಂದ ಹಿಡಿದು ಬಸ್ಸಿನ ವೇಳಾಪಟ್ಟಿಯವರೆಗೆ ಎಲ್ಲದರ ಮೇಲೂ ಅನುಮಾನ. ಎಲ್ಲಕ್ಕಿಂತ ಹೆಚ್ಚಿನ ಅನುಮಾನ ನನ್ನ ನೆನಪಿನ ಮೇಲೆಯೇ. ಆದ್ದರಿಂದ ಈಗ ಹೇಳುವುದು ಎಂಬತ್ತೇಳರಲ್ಲಿ ನಡೆಯಿತೋ ಎಂಬತ್ತೆಂಟರಲ್ಲೋ ಎಂದು ದಯವಿಟ್ಟು ಕೇಳಬೇಡಿ. ನನ್ನ ಹೆಂಡತಿ ಸುಮನಳನ್ನು ಕೇಳಿದರೆ ಅವಳು ಒಂದು ವರ್ಷ ಹೇಳುತ್ತಾಳೆ. ಅದು ಇವೆರಡೂ ಅಲ್ಲ.

ತೊಂದರೆ ನಿದ್ದೆಯಿಂದ ಶುರುವಾಯಿತು. ಪಾಠ ಕೇಳುತ್ತ ವಿದ್ಯಾರ್ಥಿಗಳು ನಿದ್ದೆ ಮಾಡುವುದು ಲೋಕರೂಢಿ. ನಾನು ಪಾಠ ಹೇಳುತ್ತಲೇ ತೂಕಡಿಸತೊಡಗಿದೆ. ಬೆಳಿಗ್ಗೆ ಎದ್ದಾಗಲೇ ಹಗಲೆಲ್ಲ ಕಬ್ಬು ಕಡಿದವನ ದಣಿವು. ಕಾರಣವಿಲ್ಲದೆ ಸಿಟ್ಟು, ಸಿಟ್ಟು ಮಾಡಲೂ ಆಲಸ್ಯ. ದಿನಾ ಬೆಳೆಯುತ್ತಿದ್ದ ಗಡ್ಡ ಕೂಡ ರಜೆ ಹಾಕಿ ಹೋದಂತಿತ್ತು. ಇದಲ್ಲದೆ ಇನ್ನೊಂದು ವಿಷಯವೂ ಇತ್ತು. ಅದು ಗಂಡಹೆಂಡಿರ ನಡುವಿನದು. ಬಿಡಿಸಿ ಬರೆಯುವ ಧೈರ್ಯ ನನಗಿಲ್ಲ. ದೀಪ ಆರಿಸಿದ ಮೇಲೆ ನಾನು ನಿಜವಾಗಿಯೂ ಮಲಗಿಬಿಡುತ್ತಿದ್ದೆ ಎಂದರೆ ಸಾಕು.

ಸುಮನ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಒಂದು ದಿನ ಗಿಳಿಹಸಿರು ಬಣ್ಣದ ಹೊಸ ಸೀರೆ ಉಟ್ಟು, ನಾನು ಓದುತ್ತಿದ್ದ ಪೇಪರಿಗೂ ಕಿಟಕಿಯ ಬೆಳಕಿಗೂ ನಡುವೆ ಬಂದು ನಿಂತು, "ಹೆಂಗ ಕಾಣತೇನ್ರಿ?" ಎಂದಳು. ನಾನು ತಲೆಯೆತ್ತಿ, "ಯಾವುದಕ್ಕೆ ಹೋಲಿಸಿ?" ಎಂದು ಕೇಳಿದೆ. ತರ್ಕದ ದೃಷ್ಟಿಯಿಂದ ಅದು ಸರಿಯಾದ ಪ್ರಶ್ನೆ. ಆದರೆ ಆ ವಾರವೇ ಅವಳು ಚೀಲ ತುಂಬಿಕೊಂಡು, "ತಮ್ಮನ ತ್ವಾಟದಾಗ ಚಾಟಣಿ ಐತಂತ್ರಿ, ಹೋಗಿ ಬರ್ತೇನಿ" ಎಂದು ಕಾಗವಾಡಕ್ಕೆ ಹೊರಟುಬಿಟ್ಟಳು. ಚಾಟಣಿ ಎಂದರೆ ದ್ರಾಕ್ಷಿಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಅದು ಮುಗಿಯಿತು. ಅವಳು ಬರಲಿಲ್ಲ. "ಈಗ ಚಿಗುರ ಆರಿಸೂದೈತಿ" ಎಂದು ಹೇಳಿಕಳಿಸಿದಳು. ದೀಪಾವಳಿಗೆ ಮಕ್ಕಳಿಬ್ಬರೂ ಹಾಸ್ಟೆಲಿನಿಂದ ನೇರವಾಗಿ ಅಲ್ಲಿಗೇ ಹೋದರು. ನಾನೂ ಹೋಗಿ ಉಂಡು ಬಂದೆ. ಹೊರಡುವಾಗ ಒಬ್ಬನೇ ಹೊರಟೆ. ದ್ರಾಕ್ಷಿಯಂಥ ಬೆಳೆ ಇನ್ನೊಂದಿಲ್ಲ. ಗಂಡನ ಮನೆಗೆ ಹೋಗದಿರಲು ಅದು ವರ್ಷವಿಡೀ ನೆಪ ಒದಗಿಸುತ್ತದೆ. ಖಾಲಿ ಮನೆಯಲ್ಲಿ ಕುಳಿತಾಗ, ಇವಳು ಬರುವುದೇ ಇಲ್ಲವೇನೋ ಎಂಬ ಅನುಮಾನ ಹುಟ್ಟಿತು. ಅನುಮಾನಗಳನ್ನು ಪ್ರೀತಿಯಿಂದ ಸಾಕಿ ಬೆಳೆಸಿದ ನನಗೆ ಇದೊಂದನ್ನು ಸಾಕುವುದು ಆಗಲಿಲ್ಲ.

ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಚೌಗಲಾ ಎಂಬ ಗೆಳೆಯರಿದ್ದರು, ನಿಪ್ಪಾಣಿ ಕಡೆಯ ಭೋಜ ಎಂಬ ಊರಿನವರು. "ಸರ, ನಿಮ್ಮ ಮಾರಿ ಯಾಕ ಬಾಡಿದ ಬದನೀಕಾಯಿ ಆಗೇತಿ?" ಎಂದು ಕೇಳಿ, ನಾನು ಉತ್ತರ ಹುಡುಕುವುದರೊಳಗೆ ತಾವೇ ಉತ್ತರ ಊಹಿಸಿ, "ಈ ವಯಸ್ಸಿನಾಗ ಎಲ್ಲಾರದೂ ಇದs ಕತಿ ಬಿಡ್ರಿ" ಎಂದು ಧ್ವನಿ ತಗ್ಗಿಸಿದರು. ನಿಪ್ಪಾಣಿಯ ಒಂದು ಲಾಡ್ಜಿಗೆ ಗುರುವಾರ ಒಬ್ಬ ವೈದ್ಯ ಬರುತ್ತಾನಂತೆ. ರಸ್ತೆಯುದ್ದಕ್ಕೂ ಗೋಡೆಗಳ ಮೇಲೆ 'ನಿರಾಶರಾಗಬೇಡಿ' ಎಂದು ಬರೆಸಿದವನು ಅವನೇ ಅಂತೆ. "ನಾ ಹೋಗಿಲ್ಲ, ಹೋದವರು ಹೇಳ್ತಾರ" ಎಂದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಪರೀಕ್ಷಿಸದೆ ತಳ್ಳಿಹಾಕುವುದೂ ಅವೈಜ್ಞಾನಿಕವಷ್ಟೆ. ಗುರುವಾರ ಹೋದೆ. ಲಾಡ್ಜಿನ ಮೆಟ್ಟಿಲು ಹತ್ತುತ್ತಿರುವಾಗ ಮೇಲಿನಿಂದ ಚೌಗಲಾ ಇಳಿದು ಬಂದರು. "ಬೀಗರಿಗೆ ರೂಮ್ ನೋಡಾಕ ಬಂದಿದ್ದೆ" ಎಂದರು. "ನಾನೂ" ಎಂದೆ. ವೈದ್ಯ ಕೊಟ್ಟ ಪುಡಿ ಮಾತ್ರ ಶೇಂಗಾ ಚಟ್ನಿಯ ಹಾಗೆ ಬಹಳ ರುಚಿಯಾಗಿತ್ತು. ತಿಂಗಳವರೆಗೆ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಒಬ್ಬರಿಗೊಬ್ಬರು ಕಾಣದ ಹಾಗೆ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಹಸಿವೆ ಹೆಚ್ಚಾಯಿತು. ಬೇರೇನೂ ಹೆಚ್ಚಾಗಲಿಲ್ಲ. ಕೊನೆಗೆ ಚೌಗಲಾ ಅವರೇ ನಿಟ್ಟುಸಿರು ಬಿಟ್ಟು, "ಸರ, ನೀವು ಶಾಣ್ಯಾ ಮನಷ್ಯಾರು, ಸೀದಾ ಮಿರಜಕ್ಕ ಹೋಗ್ರಿ. ಹೋಗಿ ಬಂದು ನನಗೂ ಹೇಳ್ರಿ" ಎಂದರು.

ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂತೆಂದರೆ ಗಡಿಯಾಚೆಯ ಮಿರಜದ ಆಸ್ಪತ್ರೆಗಳೇ ಗತಿ. ಅಲ್ಲಿನ ಡಾಕ್ಟರು ಬಿಳಿಮೀಸೆಯ ಮರಾಠಿ ಗೃಹಸ್ಥರು; ನಾಚಿಕೆಯಿಂದ ಹೊಟ್ಟೆನೋವಿನಿಂದಲೇ ಶುರುಮಾಡಿದ ನನ್ನ ಕತೆಯನ್ನು ತಾಳ್ಮೆಯಿಂದ ಕೇಳಿ, ಹೊಟ್ಟೆಯನ್ನು ಮುಟ್ಟಿಯೂ ನೋಡದೆ, ಗಡ್ಡ ಎಷ್ಟು ದಿನಕ್ಕೊಮ್ಮೆ ಬೋಳಿಸಿಕೊಳ್ಳುತ್ತೀರಿ ಎಂದು ಕೇಳಿದರು. ಹೊಟ್ಟೆನೋವಿಗೂ ಗಡ್ಡಕ್ಕೂ ಏನು ಸಂಬಂಧ ಎಂದು ವಾದಿಸಲು ಹೊರಟವನು, ಅವರು ನಗುತ್ತಿರುವುದನ್ನು ನೋಡಿ ಎಲ್ಲವನ್ನೂ ಹೇಳಿಬಿಟ್ಟೆ. ಬೆಳಗಿನ ಹೊತ್ತು ರಕ್ತ ತೆಗೆದು ಮುಂಬಯಿಗೆ ಕಳಿಸಿದರು. ಖಾತ್ರಿಗಾಗಿ ಇನ್ನೊಮ್ಮೆಯೂ ಕರೆಸಿ ತೆಗೆದರು. ಎರಡು ಸಲವೂ ಉತ್ತರ ಒಂದೇ ಬಂತು: ಗಂಡಸರ ರಕ್ತದಲ್ಲಿರಬೇಕಾದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ನನ್ನಲ್ಲಿ ತೀರ ಕಡಿಮೆಯಾಗಿತ್ತು. ಅದಕ್ಕೆ ಎಣ್ಣೆಯಂಥ ಒಂದು ಇಂಜೆಕ್ಷನ್ ಇದೆ ಎಂದರು. ನಾನು ಎದ್ದು ಅಂಗಿಯ ತೋಳು ಮಡಚತೊಡಗಿದೆ. "ಥಾಂಬಾ" ಎಂದು ನಿಲ್ಲಿಸಿದರು. ಚುಚ್ಚುವುದು ತೋಳಿಗಲ್ಲವಂತೆ, ಮತ್ತು ಇವತ್ತೂ ಅಲ್ಲವಂತೆ. ಇದು ಈಚೆಗೆ ಕಡಿಮೆಯಾದದ್ದೋ, ಮೊದಲಿನಿಂದಲೂ ಹೀಗೇ ಇತ್ತೋ ಎಂದು ಅವರಿಗೆ ತಿಳಿಯಬೇಕು. ಅದರ ಮೇಲೆ ಮುಂದಿನ ತಪಾಸಣೆ. "ಪೂರ್ವೀ ಕಸಂ ಹೋತಂ?" ಎಂದು ಮರಾಠಿಯಲ್ಲಿ ಕೇಳಿದರು. ಮೊದಲು ಹೇಗಿತ್ತು?

ಓದುಗರೇ, ಇಡೀ ಮಿರಜದಲ್ಲಿ ನನ್ನನ್ನು ಇದಕ್ಕಿಂತ ಕಠಿಣವಾದ ಪ್ರಶ್ನೆ ಯಾರೂ ಕೇಳಲು ಸಾಧ್ಯವಿರಲಿಲ್ಲ. ಬೇರೆ ಯಾವ ಗಂಡಸಾದರೂ ಮೀಸೆ ತಿರುವಿ, "ಹುಲಿ ಇದ್ದಂಗ ಇದ್ದೆ" ಎಂದು ಹೇಳಿ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದ. ನನಗೂ ಹುಲಿಯ ನೆನಪುಗಳಿದ್ದವು. ಮದುವೆಯಾದ ಹೊಸತರಲ್ಲಿ ಗೋಧಿಯ ಚೀಲ ಹೊತ್ತು ಮಾಳಿಗೆ ಹತ್ತಿದ್ದು, ಬೆಳದಿಂಗಳಲ್ಲಿ ಬೆಳಗಿನವರೆಗೆ ಹೆಂಡತಿಯೊಡನೆ ಮಾತಾಡಿದ್ದು ಕಣ್ಣಿಗೆ ಕಟ್ಟಿದಂತಿದ್ದವು. ಆದರೆ ಕಣ್ಣಿಗೆ ಕಟ್ಟಿದಂತಿರುವುದೇ ಸುಳ್ಳಿನ ಮೊದಲ ಲಕ್ಷಣವೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. "ನನಗೆ ಖಚಿತವಿಲ್ಲ" ಎಂದೆ. "ಮಗ ಕುಣಾಲಾ ಮಾಹೀತ?" ಎಂದರು, ಹಾಗಾದರೆ ಯಾರಿಗೆ ಗೊತ್ತು? ಜಗತ್ತಿನಲ್ಲಿ ಅದಕ್ಕೆ ಒಬ್ಬಳೇ ಸಾಕ್ಷಿ. ಅವಳು ಕಾಗವಾಡದಲ್ಲಿದ್ದಳು. "ತ್ಯಾಂನಾ ಘೇವೂನ ಯಾ" ಎಂದರು ಡಾಕ್ಟರು. ಅವರನ್ನು ಕರೆದುಕೊಂಡು ಬನ್ನಿ.

ಮಿರಜದಿಂದ ಅಥಣಿಗೆ ಬರುವ ಬಸ್ಸು ಕಾಗವಾಡದ ಮೇಲೆಯೇ ಹಾಯ್ದು ಬರುತ್ತದೆ. ಇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ತೋಟದಲ್ಲಿದ್ದರು. ತಲೆಯ ಮೇಲೆ ಬಳ್ಳಿಯ ಚಪ್ಪರ, ಅದರಿಂದ ಜೋತುಬಿದ್ದ ಎಳೆಯ ಗೊಂಚಲುಗಳು. ಹೆಂಗಸರು ಸಾಲಾಗಿ ನಿಂತು, ಮಗ್ಗಿನಲ್ಲಿ ಔಷಧದ ನೀರು ತುಂಬಿಕೊಂಡು, ಒಂದೊಂದೇ ಗೊಂಚಲನ್ನು ಅದರಲ್ಲಿ ಅದ್ದಿ ಬಿಡುತ್ತಿದ್ದರು. ಹಾಗೆ ಮಾಡಿದರೆ ಕಾಯಿ ಉದ್ದವಾಗಿ ಮೈತುಂಬಿಕೊಳ್ಳುತ್ತವೆ. ಅವರ ನಡುವೆ ಗಿಳಿಹಸಿರು ಸೀರೆಯ ಸೆರಗು ಸಿಕ್ಕಿಸಿಕೊಂಡು ಸುಮನ ನಿಂತಿದ್ದಳು.

"ಬಂದ್ರಿ? ಊಟ ಆಗೇತೇನ್ರಿ?" ಎಂದಳು, ಗೊಂಚಲಿನಿಂದ ಕಣ್ಣು ತೆಗೆಯದೆ.

"ಒಂದು ಮಾತು ಕೇಳೂದಿತ್ತು. ಇಲ್ಲಿ ಬ್ಯಾಡ."

"ಕೈ ಬಿಡುವಿಲ್ರಿ. ಸಂಜಿ ಒಳಗ ಈ ಸಾಲ ಮುಗೀಬೇಕು. ಇಲ್ಲೇ ಕೇಳ್ರಿ."

"ಮೊದಲ ನಾ ಹೆಂಗಿದ್ದೆ?"

ಅವಳ ಮಗ್ಗು ಗೊಂಚಲಿನ ಕೆಳಗೆ ನಿಂತುಬಿಟ್ಟಿತು. "ಯಾವುದರಾಗ?"

"ಎಲ್ಲಾದರಾಗೂ."

ಆ ಸಾಲಿನ ಎಲ್ಲ ಮಗ್ಗುಗಳೂ ನಿಂತವು. ಅಷ್ಟರಲ್ಲಿ ಔಷಧ ಕಲಸುವ ಕೋಲು ಹಿಡಿದುಕೊಂಡು ಸುಮನಳ ತಮ್ಮ ಬಾಳಾಸಾಬ ಬಂದ. ಅಕ್ಕನ ಗಂಡನನ್ನು ಅಲ್ಲಿ ದಾಜಿ ಎನ್ನುತ್ತಾರೆ. "ದಾಜೀ, ಮಿರಜಕ್ಕ ಹೋಗಿದ್ರಂತಲ್ಲ! ಏನಂದ್ರ ಡಾಕ್ಟರ?" ಎಂದು ಇಡೀ ತೋಟಕ್ಕೆ ಕೇಳುವಂತೆ ಕೂಗಿದ. ಸುಳ್ಳು ಹೇಳಬೇಕೆಂದರೂ ಯೋಚಿಸಲು ಸಮಯ ಬೇಕಾದ ಜಾತಿ ನನ್ನದು. ಬಾಯಿಂದ ನಿಜ ಹೊರಬಿತ್ತು: "ಹಾರ್ಮೋನ್ ಕಮ್ಮಿ ಆಗೇತಂತ."

ಭೂಮಿ ಬಾಯ್ತೆರೆಯುತ್ತದೆ ಎಂದುಕೊಂಡೆ. ಬಾಳಾಸಾಬ "ಇಷ್ಟs ಏನು?" ಎಂದ. ಬಾಡಿದ ಬಳ್ಳಿಯನ್ನು ನೋಡುವಂತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಇದರಾಗ ಅಂಜೂದೇನೈತ್ರಿ? ಈಗ ನಾವು ಕೊಡಾಕತ್ತಿದ್ದೂ ಹಾರ್ಮೋನ. ಗಿಡಕ್ಕ ಗಿಡದ್ದು, ಮನಷ್ಯಾಗ ಮನಷ್ಯಾಂದು. ಕಮ್ಮಿ ಬಿತ್ತು ಅಂದ್ರ ಕೊಡೂದು. ಯಾವಾಗಿಂದ ಕೊಡ್ತಾರಂತ?"

"ಹದಾ ತಪ್ಪಬಾರದ ನೋಡ್ರಿ ಸರ," ಎಂದಳು ಪಕ್ಕದ ಸಾಲಿನ ಕಲ್ಲವ್ವ, ಬಲು ಗಂಭೀರವಾಗಿ. "ಹೆಚ್ಚಾತಂದ್ರ ಕಾಯಿ ದಪ್ಪ ಆಕ್ಕಾವ, ರುಚಿ ಇರಂಗಿಲ್ಲ."

"ಮಾಲಕ್ರ, ನಮ್ಮ ಮನಿಯಾಂವಗೂ ಒಂದ ಮಗ್ಗ ತಗದ ಇಡ್ರಿ!" ಎಂದು ಮತ್ತೊಬ್ಬಳು ಕೂಗಿದಳು.

"ನಿನ್ನ ಗಂಡಗ ಮಗ್ಗ ಎಲ್ಲಿ ಸಾಕಾಕ್ಕೈತ್ಯ? ಡ್ರಮ್ಮಿನ್ಯಾಗ ಅದ್ದಬೇಕು!" ಎಂದಳು ಅವಳ ಪಕ್ಕದವಳು.

ಇಡೀ ತೋಟ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಸುಮನ ಒಬ್ಬಳೇ. ಮಗ್ಗನ್ನು ನೆಲಕ್ಕಿಟ್ಟು, ಒದ್ದೆ ಕೈಯನ್ನು ಹೊಸ ಸೀರೆಗೇ ಒರೆಸಿಕೊಂಡು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಂದ್ರ, ಕಮ್ಮಿ ಆಗಿದ್ದು ನಿಮ್ಮ ರಕ್ತದಾಗ?"

"ಹೌದು."

"ನನ್ನ ಮ್ಯಾಲಿನ ಮನಸ ಅಲ್ಲ?"

"ಅಲ್ಲ."

"ಅನುಮಾನ ಇಲ್ಲ?"

"ಇಲ್ಲ."

ನನ್ನ ಜೀವಮಾನದಲ್ಲಿ ಅನುಮಾನವಿಲ್ಲದೆ ಆಡಿದ ಮಾತು ಬಹುಶಃ ಅದೊಂದೇ. ಅವಳು ಅಲ್ಲೇ ಬದುವಿನ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ಅತ್ತಳೆಂದು ನನ್ನ ನೆನಪು. ನಕ್ಕೆನೆಂದು ಅವಳು ಇವತ್ತಿಗೂ ವಾದಿಸುತ್ತಾಳೆ. "ಈ ಮಾತು ಮೊದಲs ಹೇಳಿದ್ರ ನಾ ಇಷ್ಟು ಗೊಂಚಲ ಯಾಕ ಅದ್ದತಿದ್ದೆ?" ಎಂದು ಮುಚ್ಚಿದ ಮುಖದಿಂದಲೇ ಅಂದದ್ದು ಮಾತ್ರ ಇಬ್ಬರಿಗೂ ಒಪ್ಪಿಗೆಯಿದೆ.

ಮರುದಿನ ಮಿರಜದಲ್ಲಿ ಡಾಕ್ಟರು ಅದೇ ಪ್ರಶ್ನೆಯನ್ನು ಅವಳನ್ನು ಕೇಳಿದರು. ನಾನು ಸಹಾಯಕ್ಕೆಂದು ಗೋಧಿಯ ಚೀಲವನ್ನು ನೆನಪಿಸಿದೆ. "ಆ ಚೀಲ ನನ್ನ ತಮ್ಮ ಹೊತ್ತಿದ್ದ ರೀ," ಎಂದಳು ಸುಮನ. "ಇವ್ರು ಹಿಂದ ನಿಂತು 'ಹುಷಾರು, ಹುಷಾರು' ಅಂತಿದ್ರು." ಬೆಳದಿಂಗಳ ರಾತ್ರಿಗಳನ್ನು ನೆನಪಿಸಿದೆ. "ಮಾತಾಡತಿದ್ರು, ಖರೇನ. ಮಂಚ ನಿಜವಾಗಿ ಐತೋ ಇಲ್ಲೋ ಅಂತ. ನಾ ಅದs ಮಂಚದ ಮ್ಯಾಲ ನಿದ್ದಿ ಹೊಡೀತಿದ್ದೆ." ಡಾಕ್ಟರ ಬಿಳಿಮೀಸೆ ಕುಣಿಯತೊಡಗಿತು. ನನ್ನ ಹುಲಿ ಒಂದೊಂದೇ ಪಟ್ಟೆ ಕಳೆದುಕೊಂಡು ಬೆಕ್ಕಾಗುತ್ತಿತ್ತು. ಆಗ ಅವಳು ತಲೆ ತಗ್ಗಿಸಿ ಅಂದಳು: "ಆದ್ರ ಒಂದ ಐತ್ರಿ. ಮೊದಲ ನಾ ಒಳಗ ಎಲ್ಲೆರ ನಕ್ಕರ, ಇವ್ರು ಓದೂದು ಬಿಟ್ಟು ಹೊಳ್ಳಿ ನೋಡತಿದ್ರು. ಈಗ ಎರಡ ವರ್ಷಾತು, ನೋಡವಲ್ರು."

"ಹೇಚ ಪಾಹಿಜೇ ಹೋತಂ," ಎಂದರು ಡಾಕ್ಟರು. ಇದೇ ಬೇಕಾಗಿತ್ತು. ಅದನ್ನು ಅವರು ಯಾವ ವೈದ್ಯಕೀಯ ಪದದಲ್ಲಿ ಬರೆದುಕೊಂಡರೋ ಗೊತ್ತಿಲ್ಲ. ಇನ್ನೂ ಕೆಲವು ತಪಾಸಣೆ ಮಾಡಿ, ಪರದೆಯ ಹಿಂದೆ ಕರೆದೊಯ್ದು ಸೂಜಿ ಚುಚ್ಚಿದರು. ಎಣ್ಣೆಯ ಔಷಧ ಒಳಹೋಗಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ತರಗತಿಯ ಪಾಠ ಮುಗಿಸಬಹುದಿತ್ತು. ಸುಮನ ಅಂದೇ ನನ್ನೊಡನೆ ಅಥಣಿಗೆ ಬಂದಳು. ಬಸ್ಸು ಕಾಗವಾಡದಲ್ಲಿ ನಿಂತಾಗ ನಾನು ಉಸಿರು ಹಿಡಿದು ಕುಳಿತಿದ್ದೆ, ಅವಳು ಇಳಿಯಲಿಲ್ಲ. ಕಿಟಕಿಯಿಂದಲೇ ತಮ್ಮನ ಕೈಯಿಂದ ಚೀಲ ತೆಗೆದುಕೊಂಡಳು.

ನಾಲ್ಕಾರು ತಿಂಗಳಲ್ಲಿ ಗಡ್ಡ ಕೆಲಸಕ್ಕೆ ಮರಳಿ ಹಾಜರಾಯಿತು. ತರಗತಿಯಲ್ಲಿ ನಿದ್ದೆ ಮಾಡುವ ಹಕ್ಕು ವಿದ್ಯಾರ್ಥಿಗಳಿಗೇ ವಾಪಸ್ಸು ಸಿಕ್ಕಿತು. ಚೌಗಲಾ ಗುಟ್ಟಾಗಿ ಡಾಕ್ಟರ ವಿಳಾಸ ಕೇಳಿಕೊಂಡು, "ಬೀಗರಿಗೆ ಬೇಕಾಗಿತ್ತು" ಎಂದರು. ಒಂದು ಸಂಜೆ ಅಡುಗೆಮನೆಯಲ್ಲಿ ಸುಮನ ಏನಕ್ಕೋ ನಕ್ಕಳು. ನಾನು ಪೇಪರು ಬಿಟ್ಟು ತಿರುಗಿ ನೋಡಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖಪುರುಷ. ಆದರೆ ಓದಿದ್ದು ಸುಮ್ಮನಿರಲು ಬಿಡಬೇಕಲ್ಲ! ಬೇನೆ ಗುಣವಾದದ್ದು ಇಂಜೆಕ್ಷನ್ನಿನಿಂದಲೋ, ಹೆಂಡತಿ ಮನೆಗೆ ಬಂದದ್ದರಿಂದಲೋ? ಎರಡೂ ಒಂದೇ ದಿನ ಶುರುವಾದ್ದರಿಂದ ಕಾರಣ ಯಾವುದೆಂದು ತೀರ್ಮಾನಿಸುವಂತಿಲ್ಲ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಿ ನೋಡುವುದೇ ಶಾಸ್ತ್ರೀಯ ವಿಧಾನ. ಇಂಜೆಕ್ಷನ್ ನಿಲ್ಲಿಸಕೂಡದೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ಉಳಿದ ಪ್ರಯೋಗವನ್ನು ಸುಮನಳ ಮುಂದಿಟ್ಟೆ: ಒಂದೇ ಒಂದು ತಿಂಗಳು ಕಾಗವಾಡಕ್ಕೆ ಹೋಗಿರಲು ಸಾಧ್ಯವೇ?

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೋಗ್ತೇನ್ರಿ, ಅದಕ್ಕೇನ. ನೀವು ಇಂಜೆಕ್ಷನ್ ಜೋಡಿ ಸಂಸಾರ ಮಾಡಕೋತ ಇರ್ರಿ. ರೊಟ್ಟಿ ಅದs ಬಡೀತೈತಿ."

ಪ್ರಯೋಗವನ್ನು ಆ ಕ್ಷಣವೇ ಹಿಂತೆಗೆದುಕೊಂಡೆ. ಕಾರಣ ಯಾವುದೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆದ್ದರಿಂದ ಎರಡನ್ನೂ ಮುಂದುವರಿಸಿದ್ದೇನೆ. ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ಮಾತ್ರ ಚುಚ್ಚುತ್ತದೆ. ಇನ್ನೊಂದಕ್ಕೆ ಅಂಥ ವೇಳೆಯೇನೂ ಗೊತ್ತುಮಾಡಿಲ್ಲ.