ಆಫೀಸಿಗೆಲ್ಲ ಒಬ್ಬನೇ ತಾತ

ಸಂತೋಷವಾದರೆ ಜನ ಸಿಹಿ ಹಂಚುತ್ತಾರೆ, ಇಲ್ಲವೇ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊಮ್ಮಗಳು ಮೇಘನಾಗೆ ಜೆ.ಪಿ. ನಗರದ ಲೆಕ್ಕಪತ್ರದ ಆಫೀಸೊಂದರಲ್ಲಿ ಕೆಲಸ ಸಿಕ್ಕಂದಿನಿಂದ ಚಿಕ್ಕಲಸಂದ್ರದ ನಮ್ಮ ಹಾಲ್‌ನಲ್ಲಿ ನಾನು ನಡೆದದ್ದನ್ನು ಕೂಡಿಸಿದರೆ ಮೈಸೂರು ಮುಟ್ಟಿ ವಾಪಸ್ಸು ಬರಬಹುದಿತ್ತು. "ನೆಲ ಸವೆದ್ರೆ ಓನರ್ ಅಡ್ವಾನ್ಸಲ್ಲಿ ಹಿಡ್ಕೋತಾರೆ, ಕೂತ್ಕೊಳ್ರೀ" ಎಂದಳು ನನ್ನ ಹೆಂಡತಿ.

ಈ ಸಲದ ಚಡಪಡಿಕೆಗೆ ಕಾರಣವಿತ್ತು. ಆಫೀಸಿಗೆ ಹಾಲ್ ತುಂಬ ಹೊಸ ಕಂಪ್ಯೂಟರ್ ಬಂದಿದ್ದವು. ಒಂದೊಂದರ ಮುಂದೂ ಕೂತು ಬೇಕಾದ್ದನ್ನೆಲ್ಲ ತುಂಬಿಸುವ ಬದಲು, ಒಂದನ್ನು ಮಾತ್ರ ಅಚ್ಚುಕಟ್ಟಾಗಿ ಸಿದ್ಧಮಾಡಿ, ಅದರ ನಕಲನ್ನು ವೈರಿನ ಮೂಲಕ ಮಿಕ್ಕವಕ್ಕೆಲ್ಲ ಒಟ್ಟಿಗೆ ಕಳಿಸಬೇಕು. ಅದನ್ನು ಮೇಘನಾಗೆ ಒಪ್ಪಿಸಿದ್ದರು. ಸೋಮವಾರ ಎಲ್ಲವೂ ಸರಿಯಾಗಿ ನಡೆದರೆ ಅವಳ ಕೆಲಸ ಕಾಯಂ. ನಾನು ಓದಿದ್ದು ಐದನೇ ಕ್ಲಾಸು. ಆದರೂ ಇದು ಥಟ್ಟನೆ ಅರ್ಥವಾಯಿತು. ಟೈಲರ್ ಅಲ್ಲವೇ ನಾನು. ಸ್ಕೂಲ್ ಯೂನಿಫಾರಂ ಹೊಲಿಯುವಾಗ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲಿನದಕ್ಕೆ ಚಾಕ್‌ನಲ್ಲಿ ಗೀಟು ಎಳೆದು, ಎಲ್ಲವನ್ನೂ ಒಂದೇ ಸಲ ಕತ್ತರಿಸುತ್ತಿದ್ದೆ. ಗೀಟು ತಪ್ಪಿದ ವರ್ಷ ಇಡೀ ಶಾಲೆಯ ಮಕ್ಕಳು ಗಿಡ್ಡ ತೋಳಿನಲ್ಲೇ ಓಡಾಡಿದರು. "ಮೇಲಿನ ಪದರ ಹುಷಾರು ಕಣಮ್ಮ" ಎಂದು ಅವಳಿಗೂ ಹೇಳಿದೆ.

ಆ ಮೇಲಿನ ಪದರ, ಅಂದರೆ ಮಾದರಿ ಕಂಪ್ಯೂಟರ್, ಉಳಿದ ಕೆಲಸ ಮುಗಿಸಲೆಂದು ಮೇಘನಾಳ ಜೊತೆ ಶನಿವಾರ ನಮ್ಮ ಮನೆಗೇ ಬಂತು. ಇದು ಏನೇನು ಮಾಡುತ್ತೆ, ತೋರಿಸು ಎಂದು ಪೀಡಿಸಿದೆ. ನನಗೆ ಬಿ.ಪಿ. ಮಾತ್ರೆ ಮರೆಯುವ ಚಾಳಿ. ಅವಳು ನಗುತ್ತಾ ತನ್ನದೇ ದನಿ ರೆಕಾರ್ಡ್ ಮಾಡಿ, ದಿನವೂ ಹನ್ನೊಂದು ಗಂಟೆಗೆ ಕೂಗುವಂತೆ ಇಟ್ಟಳು. ಭಾನುವಾರ ಕೂಗಿತು, ನುಂಗಿದೆ. ಮಾಡಿದ್ದನ್ನೆಲ್ಲ ಇನ್ನೊಮ್ಮೆ ನೋಡಬೇಕು ಎನ್ನುತ್ತಿದ್ದಳು. ನಾನು ಬಿಡಬೇಕಲ್ಲ. ಆಟೋ ಸಿಗಲ್ಲ, ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ, ಹೊರಡು ಎಂದು ಬೆನ್ನು ಬಿದ್ದು, ಕಂಪ್ಯೂಟರ್ ಸಮೇತ ಆಫೀಸಿಗೆ ಅಟ್ಟಿದೆ. ಸಂಜೆ ಫೋನ್ ಮಾಡಿ, ನಕಲು ಎಲ್ಲಕ್ಕೂ ಹೋಗಿದೆ ಎಂದಳು.

ಸೋಮವಾರ ಮನೆಯಲ್ಲಿರಲು ಆಗಲೇ ಇಲ್ಲ. ಅವಳು ಮರೆತು ಹೋದ ಮಜ್ಜಿಗೆ ಬಾಟ್ಲಿ ಹಿಡಿದು ಬಸ್ ಹತ್ತಿದೆ. ಅವಳೇನೂ ಮರೆತಿರಲಿಲ್ಲ, ಬ್ಯಾಗಿನಿಂದ ನಾನೇ ತೆಗೆದಿಟ್ಟಿದ್ದೆ. ರಿಸೆಪ್ಷನ್‌ನಲ್ಲಿ ಕೂರಿಸಿದರು. ತೆರೆದ ಬಾಗಿಲಾಚೆ ಮ್ಯಾನೇಜರ್ ಮೇಘನಾಳ ಜೊತೆ ಒಂದೊಂದೇ ಕಂಪ್ಯೂಟರ್ ನೋಡುತ್ತಾ ತಲೆದೂಗುತ್ತಿದ್ದರು. ಆಗ ಗಂಟೆ ಹನ್ನೊಂದಾಯಿತು.

"ತಾತ, ಮಾತ್ರೆ ನುಂಗಿದ್ಯಾ?" ಇಡೀ ಹಾಲ್ ಮೇಘನಾಳ ದನಿಯಲ್ಲಿ ಒಟ್ಟಿಗೆ ಕೇಳಿತು.

"ಬಂದೆ ಕಣಮ್ಮ" ಎಂದು, ಅಭ್ಯಾಸಬಲ ನೋಡಿ, ಎದ್ದು ನಿಂತೆ. ಎಲ್ಲ ಕುರ್ಚಿಗಳೂ ನನ್ನ ಕಡೆ ತಿರುಗಿದವು. ಮೇಘನಾಳ ಮುಖ ಬಿಳಿಚಿಕೊಂಡಿತು. ನನ್ನ ಬಾಯಿ ಒಣಗಿತು. ಕೈಯಲ್ಲೇ ಮಜ್ಜಿಗೆ ಇದ್ದದ್ದು ನೆನಪಾಗಲಿಲ್ಲ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೂ ಬಿಡದೆ ಎಲ್ಲಾ ಕೂಗ್ತಲ್ಲಮ್ಮ. ಅಂದ್ರೆ ಕಾಪಿ ಸರಿಯಾಗೇ ಆಗಿದೆ. ನೀವು ಪಾಸು. ತಾತನ್ನ ಒಂದು ಡಿಲೀಟ್ ಮಾಡ್ಬಿಡಿ" ಎಂದರು. ಹಾಲ್‌ಗೆ ಹಾಲೇ ನಕ್ಕಿತು. ಮೇಘನಾ ಕಣ್ಣೊರೆಸಿಕೊಂಡು ನಕ್ಕಳು.

ನಾನೋ ಸಂತೋಷಕ್ಕೆ ರಿಸೆಪ್ಷನ್‌ನಲ್ಲೇ ಅತ್ತಿಂದಿತ್ತ ನಡೆಯತೊಡಗಿದೆ. ಅಷ್ಟರಲ್ಲಿ ಮ್ಯಾನೇಜರ್ ಹತ್ತಿರ ಬಂದು, ಅಂಕಲ್, ನಿಜವಾಗಲೂ ನುಂಗಿದಿರಾ ಎಂದು ವಿಚಾರಿಸಿದರು. ಅಷ್ಟು ಜನ, ಅಷ್ಟು ಕಂಪ್ಯೂಟರುಗಳ ಎದುರು ನಾನು ಗಂಭೀರವಾಗಿ ತಲೆಯಾಡಿಸಿದೆ. ಮಾತ್ರೆ ಚಿಕ್ಕಲಸಂದ್ರದಲ್ಲಿ, ಟೀವಿಯ ಪಕ್ಕ, ಒಂದು ಲೋಟ ನೀರಿನ ಜೊತೆ ನನಗಾಗಿ ಕಾಯುತ್ತಿತ್ತು.