ಪಿಕಪ್‌ಗೆ ಬಾಯಿ ಕೊಟ್ಟವಳ ಕಿವಿಯನ್ನು ಉಳಿಸಿಕೊಡುವ ಬಗ್ಗೆ

ಇಂದ
ಬರ್ನಡೀನ್ ಸೋಬ್ಚಾಕ್,
ಲೈನಿನ ಕಟ್ಟಕಡೆಯ ಜಾಗ, ಪಿಕಪ್ ವಿಭಾಗ.

ಗೆ
ಶ್ರೀ ವಾನ್ ಎಲ್ಲರಿ ಅವರು,
ಕಾರ್ಖಾನೆಯ ಮುಖ್ಯಸ್ಥರು,
ಥಾರ್ನ್‌ಬೆರಿ ಮೋಟಾರ್ಸ್, ಡೆಟ್ರಾಯಿಟ್, ಮಿಷಿಗನ್.

ವಿಷಯ: ನನ್ನ ಬಾಯಿಯನ್ನು ಇಲ್ಲಿಟ್ಟುಕೊಂಡು ಕಿವಿಯನ್ನು ಮಾತ್ರ ಟೆನೆಸೀಗೆ ಕಳಿಸುತ್ತಿರುವ ಬಗ್ಗೆ.

ಉಲ್ಲೇಖ: (೧) ‘ಇಂಜಿನ್ ಇಲ್ಲದ ಕಾರಣ ಇಂಜಿನ್ ಕೇಳುವವರ ಹುದ್ದೆ ರದ್ದು’ ಎಂಬ ತಮ್ಮ ನೋಟಿಸು.
(೨) ತದನಂತರ ಎಲ್ಲರೆದುರು ತಾವು ನನ್ನನ್ನು ತಬ್ಬಿಕೊಂಡದ್ದು.

ಮಾನ್ಯರೇ,

ಮೇಲ್ಕಂಡ ಎರಡೂ ಉಲ್ಲೇಖಗಳು ಒಂದಕ್ಕೊಂದು ತಾಳೆಯಾಗದ ಕಾರಣ ಈ ಅರ್ಜಿ.

೧. ಲೈನಿನ ತುದಿಗೆ ಬಂದ ಪಿಕಪ್ಪನ್ನು ಶುರು ಮಾಡಿ, ಇಂಜಿನ್ನಿನ ಸದ್ದು ಕೇಳಿ, ಸರಿಯಿದ್ದರೆ ಅಂಗಳಕ್ಕೆ ಓಡಿಸುವುದು ನನ್ನ ಕೆಲಸ. ಪಕ್ಕದಲ್ಲಿ ಬಾಗಿಲು ಕೂರಿಸುವ ಓಡೆಲ್ ಪ್ರೂಯಿಟ್, ನೀನು ಗಂಡನ ಮಾತನ್ನು ಒಂದು ದಿನವಾದರೂ ಇಷ್ಟು ಗಮನವಿಟ್ಟು ಕೇಳಿದ್ದೀಯಾ ಎಂದು ಛೇಡಿಸುತ್ತಾನೆ. ಕೇಳಿಲ್ಲ.

೨. ಕಂಪನಿ ವಿದ್ಯುತ್ ಗಾಡಿಗಳಿಗೆ ಹೊರಳಿತು. ಟೆನೆಸೀಯ ಬ್ಯಾಟರಿ ಕಾರ್ಖಾನೆಗೆ ಹೋಗು, ಇಲ್ಲವೇ ಮನೆಗೆ ಹೋಗು ಎಂದಿರಿ. ನನಗೆ ಎರಡೂ ಬೇಡ. ನನ್ನ ಜನ ಈ ಲೈನಿನಲ್ಲಿದ್ದಾರೆ. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದ ಪ್ರಯುಕ್ತ ಹಾಗೇ ಬರೆದಿದ್ದೇನೆ.

೩. ಮೊದಲ ವಿದ್ಯುತ್ ಪಿಕಪ್ ಹೊರಬಂದದ್ದು ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಹಿಂದಿನ ಮಂಗಳವಾರ. ಅಂದು ಜಾಮ್ ತುಂಬಿ ಕರಿದ ಪೊಂಚ್ಕಿ ಬನ್ನುಗಳನ್ನು ಇಡೀ ಲೈನಿಗೆ ಹಂಚುವುದು ಹ್ಯಾಮ್‌ಟ್ರ್ಯಾಮ್ಕ್ ಊರಿನ ನಮ್ಮ ಪೋಲಿಷ್ ಮನೆತನದ ಪದ್ಧತಿ. ನಿರ್ದೇಶಕರು, ಡೀಲರುಗಳು ಸಾಲಾಗಿ ನಿಂತಿದ್ದರು. ಗುಂಡಿ ಒತ್ತಿದೆ. ಸದ್ದಿಲ್ಲ. ಶುರುವಾಗಿಲ್ಲವೆಂದು ಮತ್ತೆ ಒತ್ತಿದೆ. ಆಗಲೇ ಶುರುವಾಗಿದ್ದ ಗಾಡಿ ಆರಿಹೋಯಿತು. ಹೀಗೇ ಹಚ್ಚುವುದು, ಆರಿಸುವುದು ನಡೆಯಿತು. ತಮ್ಮ ಮುಖ ಬೀಟ್‌ರೂಟಿನಂತಾಯಿತು. ಗಾಬರಿಯಲ್ಲಿ, ಬಾಯಲ್ಲಿ ಪೊಂಚ್ಕಿ ಇದ್ದಂತೆಯೇ, ಹಳೆಯ ಇಂಜಿನ್ನಿನ ಸದ್ದನ್ನು ನಾನೇ ಹೊರಡಿಸಿದೆ: ಗುಡುಗುಡುಗುಡು ಢುರ್‌ರ್‌ರ್!

ಓಹಾಯೋದ ಡೀಲರೊಬ್ಬರು ಟೋಪಿ ತೆಗೆದರು. “ಪಿಕಪ್ ಅಂದ್ರೆ ಇದಪ್ಪಾ,” ಎಂದು ನಿಂತಲ್ಲೇ ಆರ್ಡರು ಕೊಟ್ಟರು. ತಾವು ತಬ್ಬಿಕೊಂಡದ್ದು ಆಗಲೇ. ತಮ್ಮ ಕೋಟಿಗೆ ಜಾಮ್ ಹತ್ತಿದ್ದಕ್ಕೆ ವಿಷಾದಿಸುತ್ತೇನೆ.

೪. ನಿಧಾನವಾಗಿ ಚಲಿಸುವ ವಿದ್ಯುತ್ ಗಾಡಿ ದಾರಿಹೋಕರಿಗೆ ಕೇಳುವಂತೆ ಏನಾದರೂ ಸದ್ದು ಮಾಡಬೇಕೆಂಬ ನಿಯಮವಿರುವುದರಿಂದ, ಮರುದಿನ ಸದರಿ ಸದ್ದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಓಡೆಲ್ ಉಳಿದ ಪೊಂಚ್ಕಿಗಳ ಡಬ್ಬಿ ಹಿಡಿದು ಪಕ್ಕದಲ್ಲಿದ್ದ. ಗಾಡಿ ಹಿಂದಕ್ಕೆ ಚಲಿಸುವಾಗಿನ ಮುದ್ರಣದ ಕೊನೆಯನ್ನು ಕತ್ತರಿಸಲು ಯಾರೋ ಮರೆತರು. ಆದ್ದರಿಂದ ನಮ್ಮ ಪಿಕಪ್ಪನ್ನು ಹಿಂದಕ್ಕೆ ತೆಗೆದಾಗಲೆಲ್ಲ ಅದು ನನ್ನ ದನಿಯಲ್ಲಿ, “ಓಡೆಲ್, ಡಬ್ಬಿಗೆ ಕೈ ಹಾಕಿದ್ರೆ ನೋಡು,” ಎನ್ನುತ್ತದೆ.

ತೆಗೆಸಲು ತಾವು ಹೊರಟಿರಿ, ಕೊಂಡವರೇ ಬಿಡಲಿಲ್ಲ. ಅಯೋವಾದಲ್ಲಿ ಓಡೆಲ್ ಎಂಬ ಪಾದ್ರಿಯೊಬ್ಬರು ಬೇಕರಿಗೆ ಹೋಗುವುದನ್ನೇ ಬಿಟ್ಟಿದ್ದಾರಂತೆ.

೫. ಇಷ್ಟಾದರೂ ಉಲ್ಲೇಖ ಒಂದು ರದ್ದಾಗಿಲ್ಲ. ಶುಕ್ರವಾರ ನಾನು ಹೊರಡಬೇಕು. ಸುದ್ದಿ ಕೇಳಿ ಓಡೆಲ್ ಬಾಗಿಲು ಕೂರಿಸುವುದನ್ನು ಬಿಟ್ಟು ನಿಂತ.

“ಬರ್ನಿ, ನೀನು ಹೋದ್ಮೇಲೂ ಈ ಗಾಡಿಗಳು ದಿನಾ ನನ್ನ ಬೈತಾನೇ ಇರ್ತವೆ,” ಎಂದ. “ಬೈಯೋಳು ಪಕ್ಕದಲ್ಲಿ ಇಲ್ದೆ ಬೈಸ್ಕೊಳ್ಳೋದು ನನ್ ಕೈಲಿ ಆಗಲ್ಲ ಕಣೇ.”

ನನ್ನ ಕೈಲೂ ಆಗುವುದಿಲ್ಲ. ಈ ಮಾತಿಗೆ ನಿಯಮಾವಳಿಯಲ್ಲಿ ಆಧಾರವಿಲ್ಲದಿರುವುದರಿಂದ ಮುಂದಿನ ಅಂಶ.

೬. ನೋಟಿಸಿನ ಪ್ರಕಾರ ಇಂಜಿನ್ ಇಲ್ಲದಲ್ಲಿ ಕಿವಿ ಬೇಡ. ಆದರೆ ಸದ್ಯ ಇಂಜಿನ್ನಿನ ಜಾಗದಲ್ಲಿ ಸದ್ದು ಮಾಡುತ್ತಿರುವವಳು ನಾನು. ನಾನು ಸರಿಯಾಗಿದ್ದೇನೆಯೇ ಎಂದು ಕೇಳಿ ಹೇಳುವವರು ಬೇಕಷ್ಟೆ? ಕಳೆದ ವಾರ ಒಂದು ಪಿಕಪ್‌ನಲ್ಲಿ ನನಗೆ ನೆಗಡಿಯಾದಂತೆ ಕೇಳಿಸಿತು. ಸ್ಪೀಕರ್ ಬಿಚ್ಚಿಸಿದೆ, ಏನೂ ಇರಲಿಲ್ಲ. ಮರುದಿನ ನನಗೇ ನೆಗಡಿ ಬಂತು. ಇಷ್ಟು ಮುಂಚಿತವಾಗಿ ತಿಳಿಸುವ ಕಿವಿ ಕಂಪನಿಗೆ ಬೇರೆಲ್ಲಿ ಸಿಕ್ಕೀತು?

ಆದ್ದರಿಂದ, ಬಾಯಿ ಇರುವಲ್ಲೇ ಕಿವಿಯನ್ನೂ ಇರಿಸಿ, ಓಡೆಲ್‌ನ ಪಕ್ಕದ ಜಾಗದಲ್ಲೇ ನನ್ನನ್ನು ಮುಂದುವರಿಸಬೇಕಾಗಿ ಪ್ರಾರ್ಥನೆ.

ಶುಕ್ರವಾರದವರೆಗಂತೂ ತಮ್ಮ ವಿಶ್ವಾಸಿ,
ಬರ್ನಡೀನ್ ಸೋಬ್ಚಾಕ್

ಲಗತ್ತುಗಳು:
೧. ಅಯೋವಾದ ಪಾದ್ರಿಗಳ ಕಾಗದ.
೨. ಪೊಂಚ್ಕಿ, ತುಂಬಿದ ಡಬ್ಬಿ ಒಂದು. ತಮ್ಮ ಕಚೇರಿಗೆ ಓಡೆಲ್ ಮೂಲಕ ಕಳಿಸಿದೆ.

ವಿ.ಸೂ.: ಡಬ್ಬಿ ತುಂಬಿರದಿದ್ದಲ್ಲಿ, ಅಂಗಳದಲ್ಲಿರುವ ಯಾವುದಾದರೂ ಪಿಕಪ್ಪನ್ನು ಹಿಂದಕ್ಕೆ ತೆಗೆದು ವಿಚಾರಿಸಿಕೊಳ್ಳಬೇಕಾಗಿ ವಿನಂತಿ.