ಸತ್ತವರ ತೆರಿಗೆಗೆ ಹೆದರಿ ಮನೆ ಬಿಟ್ಟದ್ದು

ಸಾವಿಗೆ ನಾನು ಅಷ್ಟೇನೂ ಹೆದರಿದವನಲ್ಲ. ಅದು ಬರುವಾಗ ಬರುತ್ತದೆ, ಅದಕ್ಕೆ ನಾನು ಅರ್ಜಿ ಹಾಕಬೇಕಾಗಿಲ್ಲ ಎಂದುಕೊಂಡೇ ಅರವತ್ತರ ಹತ್ತಿರ ಬಂದಿದ್ದೆ. ನಾನು ಹೆದರಿದ್ದು ಸತ್ತ ಮೇಲೆ ಬರುವ ಸರಕಾರದ ನೋಟೀಸಿಗೆ. ಸತ್ತವನು ನೋಟೀಸು ಓದಬೇಕಾಗಿಲ್ಲ ಎಂಬ ಸಾದಾ ಮಾತು ಆಗ ಹೊಳೆಯಲಿಲ್ಲ. ಬೆಟಗೇರಿಯ ನೇಕಾರರ ಸಂಘವೊಂದರ ಮ್ಯಾನೇಜರಿಕೆಯಿಂದ ಆಗಷ್ಟೇ ನಿವೃತ್ತನಾಗಿದ್ದೆ. ಕೈಯಲ್ಲಿ ಕೆಲಸವಿಲ್ಲದವನಿಗೆ ಕಾನೂನಿನ ಭಯ ಬೇಗ ಹತ್ತುತ್ತದೆ.

ಭಯ ಹತ್ತಿದ್ದು ಲಕ್ಷ್ಮೇಶ್ವರದಿಂದ ಗದಗಿಗೆ ಬರುವ ಬಸ್ಸಿನಲ್ಲಿ. ಮದುವೆಯೊಂದನ್ನು ಮುಗಿಸಿ ಬರುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅರಳೆ ದಲಾಲರೊಬ್ಬರು ಮಾತಿಗೆ ಮಾತು ಬಂದು ಹೇಳಿದರು: “ಸತ್ತವರ ಆಸ್ತಿ ಮ್ಯಾಲೂ ತೆರಿಗಿ ಐತ್ರಿ, ಎಸ್ಟೇಟ್ ಡ್ಯೂಟಿ ಅಂತಾರ. ನಮ್ಮ ಓಣ್ಯಾಗ ಒಬ್ಬ ವ್ಯಾಪಾರಿ ಸತ್ತ. ಮಕ್ಕಳು ಅಳೂದು ಬಿಟ್ಟು ಕಚೇರಿಗೆ ತಿರಗಾಕ ಹತ್ಯಾರ. ನಿಮ್ಮಂಥ ಆಸ್ತಿವಂತರು ಹುಷಾರಿರಬೇಕ್ರಿ.” ಮದುವೆಗೆಂದು ಕೋಟು ತೊಟ್ಟಿದ್ದೆ, ಅದನ್ನು ನೋಡಿ ಅವರು ಹಾಗಂದರು. ನನ್ನ ಆಸ್ತಿ ಎಂದರೆ ಅಪ್ಪ ಮಗ್ಗ ಹೊಡೆದು ಕಟ್ಟಿಸಿದ, ಬೆಟಗೇರಿಯ ಒಂದು ಮನೆ. ಆದರೆ ‘ನಿಮ್ಮಂಥ ಆಸ್ತಿವಂತರು’ ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಬಸ್ಸಿಳಿಯುವ ಹೊತ್ತಿಗೆ ನಾನು ನಿಜಕ್ಕೂ ಚಿಂತೆ ಮಾಡಬೇಕಾದ ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ.

ಮಗ ಬಸವರಾಜ ಮುಂಡರಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ನಿಯಮ ಎಂದರೆ ಅವನಿಗೆ ಪ್ರಾಣ. ಸಣ್ಣವನಿದ್ದಾಗ ಚಿಣಿಫಣಿ ಆಟದಲ್ಲೂ ತಾನೇ ಔಟೆಂದು ಹೇಳಿ ಹೊರಗೆ ನಿಲ್ಲುತ್ತಿದ್ದ ಹುಡುಗ. ನಾನು ವಿಷಯ ಹೇಳಿದ ಮರುವಾರವೇ ಕಚೇರಿಯ ಕಪಾಟಿನಿಂದ ರಟ್ಟು ಹರಿದ ಕಾನೂನು ಪುಸ್ತಕವೊಂದನ್ನು ತಂದು, ಅಡಿಗೆರೆ ಎಳೆದು ಓದಿದ. “ಮನಿ ನನ್ನ ಹೆಸರಿಗೆ ದಾನಪತ್ರ ಮಾಡ್ರಿ ಅಪ್ಪಾ. ಆಮ್ಯಾಲೆ ಎರಡು ವರ್ಷ ನಿಮಗೇನೂ ಆಗಬಾರದು, ಆದ್ರ ತೆರಿಗಿ ತಪ್ಪೂದಿಲ್ಲ.”

“ಅದು ನನ್ನ ಕೈಯಾಗ ಐತೇನಪಾ?” ಎಂದೆ.

“ಇನ್ನೊಂದು ಐತಿ. ದಾನ ಕೊಟ್ಟವರು ಆ ಆಸ್ತಿಯಿಂದ ಸಂಪೂರ್ಣ ಹೊರಗ ಇರಬೇಕು. ಅಂದ್ರ ನೀವು ಈ ಮನ್ಯಾಗ ಇರೂ ಹಂಗಿಲ್ಲ.”

ನಾನು ನಕ್ಕೆ. ಅವನು ನಗಲಿಲ್ಲ. “ಪುಸ್ತಕದಾಗ ಸಂಪೂರ್ಣ ಅಂತನ ಐತ್ರಿ. ಅರ್ಧಮರ್ಧ ಹೊರಗ ನಡಿಯೂದಿಲ್ಲ.”

ವಕೀಲರನ್ನು ಕೇಳೋಣವೆಂದರೆ ಫೀ ಕೊಡಬೇಕು. ಪುಸ್ತಕವಂತೂ ಪುಕ್ಕಟೆ ಸಿಕ್ಕಿತ್ತು. ದಾನಪತ್ರ ನೋಂದಣಿ ಮಾಡಿಸಿ, ಗದಗಿನಲ್ಲಿ ಹಿಟ್ಟಿನ ಗಿರಣಿಯ ಹಿಂದೆ ಒಂದು ಬಾಡಿಗೆ ಖೋಲಿ ಹಿಡಿದೆ. ಹೊರಡುವ ದಿನ ಹಾಸಿಗೆ ಸುತ್ತುತ್ತ ಹೆಂಡತಿಗೆ, “ನಿನ್ನ ಸೀರಿ ಕಟ್ಟಿಕೊಂಡಿಯೇನು?” ಎಂದೆ.

“ನಾ ಯಾಕ ಬರ್ಲಿ?” ಎಂದಳು ನನ್ನಾಕಿ. “ದಾನ ಕೊಟ್ಟವರು ನೀವು. ನಾ ಏನೂ ಕೊಟ್ಟಿಲ್ಲ. ಬಸೂನ ಕೇಳೇನಿ, ನನಗ ಯಾವ ಕಾನೂನೂ ಅಡ್ಡ ಬರೂದಿಲ್ಲಂತ.”

ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ನಾವು ಬೇರೆ ಮಲಗಿದ್ದು ಅವಳ ಬಾಣಂತನಗಳಲ್ಲಿ ಮಾತ್ರ. ಈಗ ಸರಕಾರ ನಮ್ಮನ್ನು ಅಗಲಿಸಿತು. ವಾರಕ್ಕೆರಡು ಸಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಗಿರಣಿಯ ಸದ್ದಿನಲ್ಲಿ ಇಬ್ಬರೂ ಕೂಗಿ ಕೂಗಿ ಸುಖದುಃಖ ಮಾತಾಡುತ್ತಿದ್ದೆವು. ನಮ್ಮ ಗುಟ್ಟುಗಳೆಲ್ಲ ಹಿಟ್ಟು ಬೀಸಿಸಲು ಬಂದವರಿಗೆ ಗೊತ್ತಾದವು. ಅವಳು ಹೋದ ಮೇಲೆ ಹಾಸಿಗೆ, ಪುಸ್ತಕ, ನೀರಿನ ತಂಬಿಗೆ ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಆ ಹಿಟ್ಟಿಗೆ ಕೆಮ್ಮು ಬಂತು. ಕೆಮ್ಮಿದರೆ ಮನೆಯವರಿಗೆಲ್ಲ ಗಾಬರಿ. ಎರಡು ವರ್ಷ ಮುಗಿದಿರಲಿಲ್ಲವಲ್ಲ! ಸೊಸೆ ಶಾಂತಾ ಅಡರಕಟ್ಟಿಯ ತವರಿನಿಂದ ಜೇನುತುಪ್ಪ ತರಿಸಿ ಕಳಿಸಿದಳು. ಅಕ್ಕರೆಯಿಂದಲೇ ಕಳಿಸಿದ್ದಳು. ಆದರೆ ನಾನು ಎಂಥವನಾಗಿದ್ದೆನೆಂದರೆ, ನೆಕ್ಕುವಾಗ, ಇದು ನನಗೋ ದಾನಪತ್ರಕ್ಕೋ ಎಂದು ಯೋಚಿಸಿದೆ.

ಎರಡನೆಯ ವರ್ಷ ಮುಗಿಯುತ್ತ ಬಂದಿತ್ತು. ಬಜೆಟ್ಟಿನ ದಿನಗಳು. ಗಿರಣಿಯವನ ರೇಡಿಯೋದಲ್ಲಿ ವಾರ್ತೆ ಬಂತು: ಎಸ್ಟೇಟ್ ಡ್ಯೂಟಿ ರದ್ದು. ಗಿರಣಿ ನಿಲ್ಲಿಸಿ ಇನ್ನೊಮ್ಮೆ ಕೇಳಿಸಪ್ಪ ಎಂದು ಅಂಗಲಾಚಿದೆ. ವಾರ್ತೆ ಇನ್ನೊಮ್ಮೆ ಬರುವುದಿಲ್ಲವೆಂದು ಅವನು ತಿಳಿಸಿ ಹೇಳಬೇಕಾಯಿತು. ಆಗಲೇ ಹಾಸಿಗೆ ಸುತ್ತಿ, ಟಾಂಗಾ ಮಾಡಿಕೊಂಡು ಬೆಟಗೇರಿಗೆ ಹೊರಟೆ.

ಮುಂದಿನ ಕೋಣೆ ನನ್ನದಾಗಿತ್ತು. ಅಪ್ಪನ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ನನ್ನ ಮಂಚ ಹಾಕಿದ್ದೆ. ಬಾಗಿಲಲ್ಲಿ ನಿಂತು ನೋಡಿದರೆ ಅಲ್ಲಿ ನಾಲ್ಕು ಹೊಲಿಗೆ ಯಂತ್ರಗಳು ಗಡಗಡ ಓಡುತ್ತಿದ್ದವು. ಸುತ್ತ ಓಣಿಯ ಹೆಣ್ಣುಮಕ್ಕಳು. ನಡುವೆ ಕೊರಳಿಗೆ ಟೇಪು ಹಾಕಿಕೊಂಡ ನನ್ನಾಕಿ. ಶಾಂತಾ ಹೊಲಿಗೆ ತರಗತಿ ತೆರೆದಿದ್ದಳು, ಅತ್ತೆ ಅಲ್ಲಿ ಗುಂಡಿ, ಕಾಜ ಕಲಿಸುತ್ತಿದ್ದಳು. ರೊಟ್ಟಿ ತಂದಾಗ ಇದನ್ನೂ ಹೇಳಿದ್ದಳಂತೆ. ಗಿರಣಿಯ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ.

ಶಾಂತಾ ಎದ್ದು ಸೆರಗು ಸರಿಮಾಡಿಕೊಂಡು, “ಬರ್ರಿ ಮಾವಾರ, ಕುಂಡ್ರಿ” ಎಂದಳು. ಕೂಡ್ರಲು ಜಾಗವಿರಲಿಲ್ಲ. ನನ್ನಾಕಿಯ ಮುಖ ನೋಡಿದೆ. ಅಷ್ಟು ಗೆಲುವಾಗಿ ಅವಳನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಈ ಯಂತ್ರಗಳನ್ನು ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಹಾಸಿಗೆ ಕಟ್ಟೆಯ ಮೇಲಿಟ್ಟು ಸೀದಾ ಗದಗಿನ ವಕೀಲರೊಬ್ಬರ ಬಳಿ ಹೋದೆ. ಈ ಸಲ ಫೀ ಕೊಟ್ಟೆ.

ದಾನಪತ್ರ ರದ್ದಾಗುತ್ತದೆಯೇ ಎಂದು ಕೇಳಿದೆ. “ಮನಸಿಗೆ ಬಂದಂಗ ರದ್ದು ಮಾಡಾಕ ಬರೂದಿಲ್ರಿ. ಮಗನೇ ತಿರುಗಿ ನಿಮಗ ಬರಕೊಡಬೇಕು. ಆದ್ರ ನೀವು ಮನಿ ಯಾಕ ಬಿಟ್ರಿ?”

ಪುಸ್ತಕದ ಮಾತು ಹೇಳಿದೆ. ಅವರು ಕನ್ನಡಕ ತೆಗೆದರು. “ಅದು ಹಳೇ ಪುಸ್ತಕ. ಮಗಗ ಕೊಟ್ಟ ಮನ್ಯಾಗ ಅಪ್ಪ ಇರಬಹುದು ಅಂತ ಕಾನೂನು ಬದಲಾಗಿ ಭಾಳ ವರ್ಷ ಆತು.”

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವರು ಮನೆಯ ಉದ್ದಗಲ, ಓಣಿ ಎಲ್ಲ ವಿಚಾರಿಸಿ, ಮೆತ್ತಗೆ ಅಂದರು: “ಖರೆ ಹೇಳಬೇಕಂದ್ರ, ಇಷ್ಟು ಸಣ್ಣ ಆಸ್ತಿಗೆ ಆ ತೆರಿಗಿ ಯಾವತ್ತೂ ಬರತಿರಲಿಲ್ರಿ. ತಪ್ಪಿಸೂದು ಹೆಂಗ ಅಂತ ಎಲ್ಲಾರೂ ಕೇಳತಾರ. ಬರತೈತೇನು ಅಂತ ಯಾರೂ ಕೇಳೂದಿಲ್ಲ.”

ವಾಪಸ್ಸು ನಡೆದೇ ಬಂದೆ. ಎರಡು ವರ್ಷ ಹೋದದ್ದಕ್ಕಿಂತ, ನಾನು ಆಸ್ತಿವಂತನಲ್ಲ ಎಂಬುದು ಹೆಚ್ಚು ನೋಯುತ್ತಿತ್ತು. ಬಾಗಿಲಲ್ಲೇ ನನ್ನಾಕಿ ಕೇಳಿದಳು: “ವಕೀಲರು ಏನಂದ್ರು?” ಯಂತ್ರಗಳೆಲ್ಲ ನಿಂತವು. ಹೆಣ್ಣುಮಕ್ಕಳು ನನ್ನನ್ನೇ ನೋಡುತ್ತಿದ್ದರು.

“ದೊಡ್ಡ ತೆರಿಗಿ ಬರತಿತ್ತಂತ,” ಎಂದೆ. “ನಾ ಹಂಗ ಮಾಡಿದ್ದಕ್ಕ ತಪ್ಪಿತಂತ.”

“ಕೇಳಿದ್ರೇನ್ರವಾ?” ಎಂದು ಅವಳು ಹೆಮ್ಮೆಯಿಂದ ಎಲ್ಲರತ್ತ ತಿರುಗಿದಳು. ನಾನು ಗಂಟಲು ಸರಿಪಡಿಸಿಕೊಂಡು, ಇನ್ನೂ ಕೆಲವು ಕಾಗದಪತ್ರದ ಕೆಲಸ ಉಳಿದಿದೆ ಎಂದು ಹೇಳಿ, ಹಾಸಿಗೆ ಹೆಗಲಿಗೇರಿಸಿ ಗಿರಣಿಯ ಕಡೆ ನಡೆದೆ.